ಮರಳಿ ಬಂದ ಯೋಧನ ಕಥನ: ಶಾಸನ, ದಂಡು ಮತ್ತು ಚಲನಚಿತ್ರ

೧. ಪ್ರವೇಶ

ಯುದ್ಧವನ್ನು ಕುರಿತ ಕನ್ನಡದ ತಿಳಿವಳಿಕೆಯು ಬಹುಮಟ್ಟಿಗೆ ಮಡಿದ ವೀರನನ್ನು ಕೇಂದ್ರದಲ್ಲಿರಿಸಿಕೊಂಡು ರೂಪುಗೊಂಡಿದೆ. ವೀರಗಲ್ಲು, ಮಾಸ್ತಿಕಲ್ಲು, ಲಾವಣಿ, ಚಾರಿತ್ರಿಕ ನಾಟಕ, ದೇಶಭಕ್ತಿಯ ಚಲನಚಿತ್ರ ಇವೆಲ್ಲವೂ ಬೇರೆ ಬೇರೆ ಕಾಲದ, ಬೇರೆ ಬೇರೆ ಮಾಧ್ಯಮದ ಪಠ್ಯಗಳಾಗಿದ್ದರೂ ಒಂದು ವಿಷಯದಲ್ಲಿ ಏಕರೂಪವಾಗಿವೆ: ಇವುಗಳಲ್ಲಿ ಕಥೆಗೆ ಅರ್ಥ ಕೊಡುವುದು ಸಾವು. ಯುದ್ಧಕ್ಕೆ ಹೋದವರಲ್ಲಿ ಹೆಚ್ಚಿನವರು ಮರಳಿ ಬರುತ್ತಾರೆಂಬುದು ಸರಳವಾದ ಸತ್ಯ. ಆದರೆ ಮರಳಿದವನು ಮನೆಯ ಹೊಸ್ತಿಲು ದಾಟಿದ ಮೇಲೆ ಏನಾದನು, ಅವನ ಕೈಗೆ ಯಾವ ಕೆಲಸ ದೊರೆಯಿತು, ಹೆಂಡತಿ ಮಕ್ಕಳೊಡನೆ ಅವನ ಮಾತು ಹೇಗೆ ಮತ್ತೆ ಕೂಡಿಕೊಂಡಿತು ಎಂಬ ಪ್ರಶ್ನೆಗಳಿಗೆ ಈ ಪಠ್ಯಗಳಲ್ಲಿ ಉತ್ತರ ವಿರಳ.

ಎರಡನೆಯ ಮಹಾಯುದ್ಧದ ಬೆನ್ನಿಗೇ, 1946ರಲ್ಲಿ ತೆರೆಗೆ ಬಂದ ಅಮೆರಿಕದ 'ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್' ಎಂಬ ಚಲನಚಿತ್ರವು ಇದೇ ಪ್ರಶ್ನೆಗಳನ್ನು ತನ್ನ ಏಕೈಕ ವಸ್ತುವನ್ನಾಗಿ ಮಾಡಿಕೊಂಡಿತು. ಮೂವರು ಸೈನಿಕರು ತಮ್ಮ ಊರಿಗೆ ಮರಳುವುದಷ್ಟೇ ಅದರ ಕಥೆ. ಈ ಚಿತ್ರವನ್ನು ಒಂದು ಹೋಲಿಕೆಯ ಪಠ್ಯವಾಗಿ ಎದುರಿಗಿಟ್ಟುಕೊಂಡು, ಕನ್ನಡ ಪರಂಪರೆಯಲ್ಲಿ ಮರಳಿದ ಯೋಧನ ಸ್ಥಾನವೇನು, ಅವನು ಎಲ್ಲಿ ಕಾಣಿಸುತ್ತಾನೆ, ಎಲ್ಲಿ ಮರೆಯಾಗುತ್ತಾನೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ವಿವೇಚನೆಗೆ ಒಂದು ಸ್ಥಳೀಯ ನೆಲೆಯಾಗಿ ಬಳ್ಳಾರಿಯ ದಂಡು ಪ್ರದೇಶವನ್ನೂ ಅದಕ್ಕೆ ಹೊಂದಿಕೊಂಡ ಕೌಲ್ ಬಜಾರನ್ನೂ ಗಮನಿಸಲಾಗಿದೆ.

೨. ಬಾಳ್ಗಳ್ಚು ಮತ್ತು ನೆತ್ತರುಕೊಡಗೆ

ಮರಳಿದ ಯೋಧನ ವಿಷಯದಲ್ಲಿ ಕನ್ನಡವು ಆರಂಭದಿಂದಲೂ ಮೌನವಾಗಿತ್ತೆಂದು ಭಾವಿಸುವುದು ಸರಿಯಲ್ಲ. ಕನ್ನಡದ ಅತಿ ಪ್ರಾಚೀನ ಶಾಸನವೆಂದು ಪ್ರಸಿದ್ಧವಾದ, ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳಲಾಗುವ ಹಲ್ಮಿಡಿ ಶಾಸನವನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕಾಗಿದೆ. ಆ ಶಾಸನದ ಭಾಷೆ, ಲಿಪಿ, ಸಂಸ್ಕೃತಪ್ರಾಚುರ್ಯ, ಕದಂಬರ ಉಲ್ಲೇಖ ಇವುಗಳ ಬಗೆಗೆ ವಿಪುಲವಾದ ಚರ್ಚೆ ನಡೆದಿದೆ. ಆದರೆ ಶಾಸನದ ವಸ್ತುವಿನ ಬಗೆಗೆ ಅಷ್ಟು ಒತ್ತು ಬಿದ್ದಿಲ್ಲ. ಕೇಕಯ ಪಲ್ಲವರೊಡನೆ ಕಾದಿ ಜಯ ಪಡೆದ ವಿಜ ಅರಸನೆಂಬವನಿಗೆ ಎರಡು ಹಳ್ಳಿಗಳನ್ನು ಬಾಳ್ಗಳ್ಚಾಗಿ ಕೊಟ್ಟುದನ್ನು ಅದು ದಾಖಲಿಸುತ್ತದೆ. 'ಬಾಳ್' ಎಂದರೆ ಕತ್ತಿ, 'ಕಳ್ಚು' ಎಂದರೆ ತೊಳೆ. ಕಾಳಗ ಮುಗಿಸಿ ಬಂದವನ ಕತ್ತಿಯನ್ನು ತೊಳೆದು ಕೊಡುವ ದತ್ತಿ ಎಂಬುದು ಈ ಪದಕ್ಕೆ ವಿದ್ವಾಂಸರು ನೀಡುವ ವಿವರಣೆ. ಅಂದರೆ ಕನ್ನಡದ ಮೊದಲ ದಾಖಲೆಯೆಂದು ಪ್ರಸಿದ್ಧವಾದುದೇ ಯುದ್ಧದಿಂದ ಜೀವಂತವಾಗಿ ಮರಳಿದ ಒಬ್ಬ ಯೋಧನದು.

'ಬಾಳ್ಗಳ್ಚು' ಎಂಬ ಪದದ ಒಳಗೆ ಒಂದು ಆಚರಣೆಯ ಸೂಚನೆಯೂ ಇದೆ. ರಕ್ತ ಹತ್ತಿದ ಕತ್ತಿಯನ್ನು ತೊಳೆಯುವುದೆಂದರೆ ಯುದ್ಧದ ಸ್ಥಿತಿಯಿಂದ ಊರಿನ ಸ್ಥಿತಿಗೆ ಯೋಧನನ್ನು ದಾಟಿಸುವುದು. ಆ ದಾಟುವಿಕೆಗೆ ಸಮುದಾಯದ ಸಾಕ್ಷಿ ಬೇಕು, ನೆಲದ ಆಸರೆ ಬೇಕು. ಹಲ್ಮಿಡಿ ಶಾಸನದಲ್ಲಿ ದಾನವು ವೀರಪುರುಷರ ಸಮಕ್ಷಮದಲ್ಲಿ ನಡೆದುದೆಂಬ ಉಲ್ಲೇಖವಿರುವುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗುತ್ತದೆ. ಇದಕ್ಕೆ ಪ್ರತಿಯಾಗಿ 'ನೆತ್ತರುಕೊಡಗೆ' ಎಂಬುದು ಮಡಿದವನ ಮನೆಯವರಿಗೆ ಸಲ್ಲುವ ದತ್ತಿ. ಹೀಗೆ ಬದುಕಿ ಬಂದವನಿಗೊಂದು, ಸತ್ತವನ ಕುಟುಂಬಕ್ಕೊಂದು ಎಂದು ಎರಡು ಪರಿಭಾಷೆಗಳನ್ನು ಪ್ರಾಚೀನ ಕನ್ನಡ ಸಮಾಜವು ಬಳಸುತ್ತಿತ್ತು.

ಆದರೆ ಮುಂದಿನ ಶತಮಾನಗಳಲ್ಲಿ ಕಲ್ಲಿನ ಮೇಲೆ ಪ್ರಾಚುರ್ಯ ಪಡೆದದ್ದು ಎರಡನೆಯದು. ವೀರಗಲ್ಲಿನ ವಿನ್ಯಾಸ ಪರಿಚಿತವೇ ಆಗಿದೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲಿನದರಲ್ಲಿ ಕೈಲಾಸದಲ್ಲಿ ಲಿಂಗದ ಸಾನ್ನಿಧ್ಯ. ಈ ಚಿತ್ರಕಥೆಯ ಚಲನೆ ಕೆಳಗಿನಿಂದ ಮೇಲಕ್ಕೆ ಮಾತ್ರ. ಅದರಲ್ಲಿ ಊರಿನ ಕಡೆಗೆ ತಿರುಗುವ ದಾರಿಯಿಲ್ಲ. ಮಾಸ್ತಿಕಲ್ಲು ಇದಕ್ಕೆ ಪೂರಕವಾದ ಸ್ತ್ರೀಪಠ್ಯ. ಗಂಡನೊಡನೆ ಸತ್ತ ಹೆಣ್ಣಿಗೆ ಕಲ್ಲು ನಿಲ್ಲುತ್ತದೆ. ಕೈಕಾಲು ಕಳೆದುಕೊಂಡು ಬಂದ ಗಂಡನನ್ನು ಮೂವತ್ತು ವರ್ಷ ಸಾಕಿದ ಹೆಣ್ಣಿಗೆ ಯಾವ ಕಲ್ಲೂ ಇಲ್ಲ.

೩. ಆತಕೂರಿನ ಸಾಕ್ಷ್ಯ

ಈ ಎರಡು ಮಾದರಿಗಳೂ ಒಂದೇ ಕಲ್ಲಿನಲ್ಲಿ ಸಂಧಿಸುವ ಅಪೂರ್ವ ನಿದರ್ಶನ ಆತಕೂರು ಶಾಸನ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾದ ಈ ಶಾಸನ ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಒಂದಾಗಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದರು. ರಾಜಾದಿತ್ಯನು ಮಡಿದನು. ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ಯೋಧನನ್ನು ಮೆಚ್ಚಿ ಬೂತುಗನು ಬೇಡಿದುದನ್ನು ಕೊಡುವೆನೆಂದಾಗ, ಮಣಲೆರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತವು. ಕಲ್ಲು ನಿಂತದ್ದು ಆ ನಾಯಿಗಾಗಿ. ಅದರ ಪೂಜೆಗೆ ಭೂಮಿಯನ್ನೂ ಬಿಡಲಾಯಿತು.

ಈ ಶಾಸನವು ಪ್ರಾಣಿಪ್ರೀತಿಯ ನಿದರ್ಶನವಾಗಿ ಪಠ್ಯಪುಸ್ತಕಗಳಲ್ಲಿ ಜನಪ್ರಿಯವಾಗಿದೆ. ಆದರೆ ಮರಳಿದ ಯೋಧನ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಬೇರೊಂದು ಕಥೆ ಕಾಣುತ್ತದೆ. ಮಹಾಯುದ್ಧವೊಂದರಲ್ಲಿ ಗೆದ್ದು ಬಂದವನು ಹೊನ್ನನ್ನಾಗಲಿ ಪದವಿಯನ್ನಾಗಲಿ ಬೇಡದೆ ಒಂದು ಜೀವದ ಜೊತೆಯನ್ನು ಬೇಡಿದನೆಂಬುದು ಗಮನಾರ್ಹ. ಅವನಿಗೆ ಬಾಳ್ಗಳ್ಚಾಗಿ ಭೂಮಿಯೂ ದೊರೆಯಿತೆಂಬುದನ್ನು ಶಾಸನವೇ ಹೇಳುತ್ತದೆ. ಆದರೂ ಶಿಲ್ಪದಲ್ಲಿ ಕೊರೆದಿರುವುದು ನಾಯಿ ಮತ್ತು ಹಂದಿಯ ಕಾಳಗವನ್ನು. ಯೋಧನು ಬದುಕಿದ್ದುದರಿಂದ ಅವನು ಶಿಲ್ಪಕ್ಕೆ ವಸ್ತುವಾಗಲಿಲ್ಲ. ನಾಯಿ ಸತ್ತುದರಿಂದ ಅದು ವಸ್ತುವಾಯಿತು. ಮಣಲೆರನ ಮರಳುವಿಕೆಯ ಕಥೆ ನಮಗೆ ತಲುಪಿರುವುದು ಒಂದು ಸಾವಿನ ಕಥೆಯ ಪೀಠಿಕೆಯಾಗಿ ಮಾತ್ರ. ಸ್ಮರಣೆಗೆ ಸಾವೇ ಅರ್ಹತೆ ಎಂಬ ನಿಯಮ ಎಷ್ಟು ಬಲವಾಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

೪. ಕಾವ್ಯ ನಿಲ್ಲುವ ಸ್ಥಳ

ಕಾವ್ಯಪರಂಪರೆಯಲ್ಲಿಯೂ ಇದೇ ಒಲವನ್ನು ಗುರುತಿಸಬಹುದು. ಪಂಪನ ವಿಕ್ರಮಾರ್ಜುನ ವಿಜಯವು ಯುದ್ಧಾನಂತರ ಪಟ್ಟಾಭಿಷೇಕದಲ್ಲಿ ಸಮಾಪ್ತವಾಗುತ್ತದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ತನ್ನವರ ಹೆಣಗಳ ನಡುವೆ ನಡೆಯುವ ಭಾಗವು ಬದುಕುಳಿದವನ ಯಾತನೆಯನ್ನು ಕನ್ನಡದಲ್ಲಿ ಅತ್ಯಂತ ತೀವ್ರವಾಗಿ ಹಿಡಿದಿರುವ ಸಂದರ್ಭ. ಆದರೆ ಆ ನಡಿಗೆ ಮನೆಯತ್ತ ಅಲ್ಲ, ವೈಶಂಪಾಯನ ಸರೋವರದತ್ತ. ಕುಮಾರವ್ಯಾಸನು ಭಾರತದ ಮೊದಲ ಹತ್ತು ಪರ್ವಗಳನ್ನು ರಚಿಸಿ ಗದಾಪರ್ವಕ್ಕೆ ನಿಲ್ಲಿಸಿದನು. ಯುದ್ಧ ಮುಗಿದ ಮೇಲಿನ ಪರ್ವಗಳನ್ನು, ಅಂದರೆ ಗೆದ್ದ ಧರ್ಮರಾಯನು ರಾಜ್ಯವೇ ಬೇಡವೆನ್ನುವ ಶಾಂತಿಪರ್ವ ಮೊದಲಾದ ಭಾಗಗಳನ್ನು, ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರ್ಣಗೊಳಿಸಿದನು. ಕನ್ನಡದ ಓದುಗರ, ಗಮಕಿಗಳ ಮತ್ತು ಕೇಳುಗರ ನೆನಪಿನಲ್ಲಿ ಉಳಿದದ್ದು ಕುಮಾರವ್ಯಾಸನ ಭಾಗ. ಯುದ್ಧಾನಂತರದ ಭಾರತವನ್ನು ಕನ್ನಡಕ್ಕೆ ತಂದ ತಿಮ್ಮಣ್ಣನ ಹೆಸರು ಸಾಹಿತ್ಯಚರಿತ್ರೆಯ ಅಧ್ಯಾಯಗಳಾಚೆ ಅಷ್ಟಾಗಿ ಕೇಳಿಬರುವುದಿಲ್ಲ. ಇಬ್ಬರ ಪ್ರತಿಭೆಯ ಅಂತರ ಇದಕ್ಕೆ ಮುಖ್ಯ ಕಾರಣವೆಂಬುದನ್ನು ಒಪ್ಪಿದರೂ, ಕೇಳುವ ಸಮುದಾಯಕ್ಕೆ ಯುದ್ಧದ ಮುಕ್ತಾಯವೇ ಕಥೆಯ ಮುಕ್ತಾಯವಾಗಿತ್ತೆಂಬ ಅಂಶವನ್ನು ಕಡೆಗಣಿಸುವಂತಿಲ್ಲ.

ಜಾನಪದದಲ್ಲಿ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಮೊದಲಾದವರನ್ನು ಕುರಿತ ಲಾವಣಿಗಳು ಕೂಡ ಸೋಲು ಮತ್ತು ಮರಣದ ಕಥನಗಳೇ. ಹೀಗೆ ಶಿಷ್ಟ ಮತ್ತು ಜಾನಪದ ಎರಡೂ ಧಾರೆಗಳಲ್ಲಿ ಮರಳಿದವನ ಬಾಳು ಕಥನದ ಹೊರಗೆ ಉಳಿಯಿತು.

೫. ದಂಡು, ಬಜಾರು ಮತ್ತು ಲೆಕ್ಕ

ವಸಾಹತು ಕಾಲದಲ್ಲಿ ಸೈನಿಕನ ಸ್ವರೂಪವೇ ಬದಲಾಯಿತು. ಊರಿಗಾಗಿ, ತುರುಗಳಿಗಾಗಿ ಕಾದುವ ವೀರನ ಸ್ಥಾನದಲ್ಲಿ ಸಂಬಳಕ್ಕಾಗಿ ದಂಡಿಗೆ ಸೇರುವ ಸಿಪಾಯಿ ಬಂದನು. ಬಳ್ಳಾರಿ ಈ ಬದಲಾವಣೆಯನ್ನು ಹತ್ತಿರದಿಂದ ಕಂಡ ಊರು. 1800ರಲ್ಲಿ ಹೈದರಾಬಾದಿನ ನಿಜಾಮನು ಬಿಟ್ಟುಕೊಟ್ಟ ಜಿಲ್ಲೆಗಳೊಡನೆ ಬಳ್ಳಾರಿಯು ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಳಪಟ್ಟು, ಮದ್ರಾಸ್ ಪ್ರಾಂತದ ಒಂದು ಮುಖ್ಯ ಸೇನಾನೆಲೆಯಾಗಿ ಬೆಳೆಯಿತು. ದಂಡು ಇದ್ದಲ್ಲಿ ಬಜಾರು ಇರಲೇಬೇಕು. ಕೌಲ್ ಬಜಾರು ಅಂಥ ದಂಡಿನ ಬಜಾರು. 'ಕೌಲು' ಎಂಬುದು ಅಭಯಪತ್ರ, ಕರಾರು, ಗುತ್ತಿಗೆಯ ಪತ್ರ ಎಂಬ ಅರ್ಥಗಳಲ್ಲಿ ಕನ್ನಡದ ಕಂದಾಯ ಪರಿಭಾಷೆಯಲ್ಲಿ ಬಳಕೆಯಲ್ಲಿದ್ದ ಪದ. ಕನ್ನಡ, ತೆಲುಗು, ಉರ್ದು ಭಾಷೆಗಳು ಒಂದೇ ಬೀದಿಯಲ್ಲಿ ಬೆರೆಯುವ ಈ ಬಗೆಯ ಪೇಟೆಗಳು ದಂಡಿನ ಅಗತ್ಯದಿಂದ ಹುಟ್ಟಿದವು. ಅಗಸರು, ಅಡುಗೆಯವರು, ಗಾಡಿ ಹೊಡೆಯುವವರು, ಹುಲ್ಲು ಕೊಯ್ಯುವವರು, ಚರ್ಮದ ಕೆಲಸದವರು ದಂಡಿನ ಹಿಂದೆ ನಡೆದವರು. ಸೇನೆಯ ದಾಖಲೆಗಳು ಇವರನ್ನು ಅನುಚರರೆಂದು ಪ್ರತ್ಯೇಕವಾಗಿ ಎಣಿಸಿದವು. ಯುದ್ಧಕ್ಕೆ ಹೋಗಿ ಮರಳಿದವರೆಂದರೆ ಬಂದೂಕು ಹಿಡಿದವರು ಮಾತ್ರವಲ್ಲವೆಂಬುದನ್ನು ಇಂಥ ಬಜಾರುಗಳು ನೆನಪಿಸುತ್ತವೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬಳ್ಳಾರಿಗೆ ಮತ್ತೊಂದು ಪಾತ್ರವೂ ಒದಗಿತು. ಸೆರೆಯಾದ ತುರ್ಕಿಯವರನ್ನು ಇರಿಸಿದ ಶಿಬಿರಗಳಲ್ಲಿ ಬಳ್ಳಾರಿಯೂ ಒಂದಾಗಿದ್ದು, 1917ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಪ್ರತಿನಿಧಿಗಳು ಭಾರತ ಮತ್ತು ಬರ್ಮಾದ ಇತರ ಶಿಬಿರಗಳೊಡನೆ ಇದನ್ನೂ ಸಂದರ್ಶಿಸಿ ವರದಿ ಮಾಡಿದರು. ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೈನಿಕರೂ ಅನುಚರರೂ ಸಾಗರ ದಾಟಿ ಹೋದ ಆ ವರ್ಷಗಳಲ್ಲಿ, ಸಾಗರದಾಚೆಯ ಜನರು ಬಳ್ಳಾರಿಯ ಬಿಸಿಲಿನಲ್ಲಿ ಕುಳಿತು ತಮ್ಮ ಊರಿಗೆ ಮರಳುವ ದಿನವನ್ನು ಎಣಿಸುತ್ತಿದ್ದರು. ಅದೇ ಯುದ್ಧದಲ್ಲಿ ಮೈಸೂರು ಸಂಸ್ಥಾನದ ಅಶ್ವದಳವು ಜೋಧಪುರದ ದಳದೊಡನೆ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದುದು ಪ್ರಸಿದ್ಧ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಬಳಿಯ ಸ್ಮಾರಕವು ಆ ದಳದ ಮಡಿದವರ ನೆನಪಿನದು. ಕುದುರೆಯಿಂದಿಳಿದು ಊರು ಸೇರಿದ ಸವಾರರು ಮುಂದೆ ಹೇಗೆ ಬಾಳಿದರೆಂಬುದು ಸ್ಮಾರಕದ ವಿಷಯವಲ್ಲ.

ಈ ಯುದ್ಧದ ತರುವಾಯ ಬ್ರಿಟಿಷ್ ಆಡಳಿತವು ಭಾರತದ ಅನೇಕ ಗ್ರಾಮಗಳಲ್ಲಿ ಫಲಕಗಳನ್ನು ನಿಲ್ಲಿಸಿತು. ಇವುಗಳ ಒಕ್ಕಣೆ ಬಹುತೇಕ ಒಂದೇ ಬಗೆಯದು: ಈ ಗ್ರಾಮದಿಂದ ಮಹಾಯುದ್ಧಕ್ಕೆ ಇಷ್ಟು ಜನರು ಹೋದರು, ಅವರಲ್ಲಿ ಇಷ್ಟು ಜನರು ಪ್ರಾಣ ತೆತ್ತರು. ವೀರಗಲ್ಲಿನಂತೆ ಇದು ಸ್ವರ್ಗವನ್ನು ಚಿತ್ರಿಸುವುದಿಲ್ಲ. ಹೆಸರನ್ನೂ ಹೇಳದೆ ಲೆಕ್ಕವನ್ನಷ್ಟೇ ಹೇಳುತ್ತದೆ. ಆದರೆ ಮರಳಿದವರ ಸ್ಥಿತಿ ಇಲ್ಲಿಯೂ ಬದಲಾಗುವುದಿಲ್ಲ. ಹೋದವರ ಸಂಖ್ಯೆಯಿಂದ ಸತ್ತವರ ಸಂಖ್ಯೆಯನ್ನು ಕಳೆದಾಗ ಉಳಿಯುವ ಶೇಷವೇ ಅವರು. ಆ ಶೇಷವನ್ನು ಫಲಕವು ಬರೆಯುವುದಿಲ್ಲ. ಓದುವವನು ಲೆಕ್ಕ ಹಾಕಿಕೊಳ್ಳಬೇಕು.

ಬಳ್ಳಾರಿಯ ಮಟ್ಟಿಗೆ ಇನ್ನೊಂದು ತೊಡಕೂ ಇದೆ. 1953ರ ಅಕ್ಟೋಬರ್ 1ರಂದು ಜಿಲ್ಲೆಯ ಕನ್ನಡ ಪ್ರಧಾನ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಇಲ್ಲಿಯ ಸಿಪಾಯಿಯು ಮದ್ರಾಸ್ ಸೇನೆಯ ದಾಖಲೆಗಳಿಗೆ ಸೇರಿದವನು. ಕರ್ನಾಟಕದ ಸೈನಿಕ ಚರಿತ್ರೆಯು ಮೈಸೂರು ಸಂಸ್ಥಾನ ಮತ್ತು ಕೊಡಗನ್ನು ಆಧರಿಸಿ ಬರೆಯಲ್ಪಟ್ಟುದರಿಂದ ಸಿರುಗುಪ್ಪ, ಕುರುಗೋಡು ಭಾಗದ ಹಳ್ಳಿಗಳಿಂದ ದಂಡಿಗೆ ಹೋಗಿ ಬಂದವರು ಎರಡೂ ಕಡೆಯ ಕಥನಗಳಿಂದ ಹೊರಗುಳಿಯುವ ಅಪಾಯಕ್ಕೆ ಒಳಗಾಗಿದ್ದಾರೆ.

೬. ಮೂವರು ಮರಳಿದರು: 1946ರ ಚಿತ್ರ

ಇಂಥ ಶೇಷವನ್ನೇ ಕಥೆಯ ಕೇಂದ್ರಕ್ಕೆ ತಂದುದು 'ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್' ಚಿತ್ರದ ಮಹತ್ವ. ಸ್ಯಾಮ್ಯುಯಲ್ ಗೋಲ್ಡ್‌ವಿನ್ ನಿರ್ಮಿಸಿದ ಈ ಚಿತ್ರದ ನಿರ್ದೇಶಕ ವಿಲಿಯಂ ವೈಲರ್. ಯುದ್ಧದಿಂದ ಮರಳುತ್ತಿದ್ದ ಸೈನಿಕರನ್ನು ಕುರಿತು 1944ರಲ್ಲಿ ಟೈಮ್ ಪತ್ರಿಕೆಯಲ್ಲಿ ಬಂದ ವರದಿಯೊಂದು ಇದಕ್ಕೆ ಪ್ರೇರಣೆ. ಗೋಲ್ಡ್‌ವಿನ್ನನ ಕೋರಿಕೆಯ ಮೇರೆಗೆ ಮೆಕಿನ್ಲೆ ಕ್ಯಾಂಟರ್ ಈ ವಸ್ತುವನ್ನು ಪದ್ಯರೂಪದ ಕಾದಂಬರಿಯಾಗಿ ಬರೆದನು. ನಾಟಕಕಾರ ರಾಬರ್ಟ್ ಶೆರ್ವುಡ್ ಅದನ್ನು ಚಿತ್ರಕಥೆಯಾಗಿ ಮಾರ್ಪಡಿಸಿದನು. ವೈಲರ್ ಸ್ವತಃ ಯುದ್ಧಕಾಲದಲ್ಲಿ ವಾಯುಸೇನೆಗಾಗಿ ಸಾಕ್ಷ್ಯಚಿತ್ರಗಳನ್ನು ತೆಗೆಯುತ್ತ ಶ್ರವಣಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡು ಮರಳಿದವನು.

ಬೂನ್ ಸಿಟಿ ಎಂಬ ಕಲ್ಪಿತ ನಗರಕ್ಕೆ ಒಂದೇ ವಿಮಾನದಲ್ಲಿ ಮೂವರು ಮರಳುತ್ತಾರೆ. ಅಲ್ ಸ್ಟೀಫನ್‌ಸನ್ ಕಾಲಾಳು ಪಡೆಯ ಸಾರ್ಜೆಂಟ್. ಊರಿನಲ್ಲಿ ಬ್ಯಾಂಕಿನ ಅಧಿಕಾರಿ. ಫ್ರೆಡ್ ಡೆರಿ ವಾಯುಸೇನೆಯಲ್ಲಿ ಕ್ಯಾಪ್ಟನ್. ಊರಿನಲ್ಲಿ ಅಂಗಡಿಯೊಂದರಲ್ಲಿ ಪಾನೀಯ ಮಾರುತ್ತಿದ್ದವನು. ಹೋಮರ್ ಪ್ಯಾರಿಶ್ ನೌಕಾಪಡೆಯವನು. ಎರಡೂ ಕೈಗಳನ್ನು ಕಳೆದುಕೊಂಡು ಉಕ್ಕಿನ ಕೊಕ್ಕೆಗಳೊಡನೆ ಬಂದವನು. ಸೇನೆಯಲ್ಲಿನ ಅಂತಸ್ತಿಗೂ ಊರಿನ ಅಂತಸ್ತಿಗೂ ಇರುವ ವೈರುಧ್ಯವು ಚಿತ್ರದ ಮೊದಲ ದೃಶ್ಯಗಳಲ್ಲಿಯೇ ಸ್ಥಾಪಿತವಾಗುತ್ತದೆ. ಸಮವಸ್ತ್ರವನ್ನು ಕಳಚಿದೊಡನೆ ಕ್ಯಾಪ್ಟನ್ನನು ಕೆಳಗಿಳಿಯುತ್ತಾನೆ, ಸಾರ್ಜೆಂಟನು ಮೇಲೇರುತ್ತಾನೆ. ಫ್ರೆಡ್‌ಗೆ ಕೊನೆಗೆ ಸಿಗುವುದು ಹಳೆಯ ಅಂಗಡಿಯಲ್ಲಿಯೇ ವಾರಕ್ಕೆ 32.50 ಡಾಲರಿನ ಕೆಲಸ. ಹಳೆಯ ವರ್ಗವ್ಯವಸ್ಥೆ ಅವನಿಗಾಗಿ ಅಲ್ಲಿಯೇ ಕಾದು ನಿಂತಿತ್ತೆಂಬುದನ್ನು ಚಿತ್ರವು ಘೋಷಣೆಯಿಲ್ಲದೆ ತೋರಿಸುತ್ತದೆ.

ಹೋಮರನ ಪಾತ್ರ ವಹಿಸಿದ ಹೆರಾಲ್ಡ್ ರಸೆಲ್ ವೃತ್ತಿನಟನಲ್ಲ. 1944ರ ಜೂನ್ 6ರಂದು ಸೇನಾ ತರಬೇತಿಯಲ್ಲಿ ಸ್ಫೋಟಕವೊಂದು ಸಿಡಿದು ನಿಜವಾಗಿಯೂ ಎರಡೂ ಕೈಗಳನ್ನು ಕಳೆದುಕೊಂಡವನು. ಈ ಒಂದೇ ಪಾತ್ರಕ್ಕಾಗಿ ಅವನಿಗೆ ಪೋಷಕ ನಟನೆಯ ಆಸ್ಕರ್ ಮತ್ತು ವಿಶೇಷ ಗೌರವದ ಆಸ್ಕರ್ ಎರಡೂ ಸಂದವು. ಮಲಗುವ ಹೊತ್ತಿನಲ್ಲಿ ಹೋಮರನು ತನ್ನನ್ನು ಮದುವೆಯಾಗಬೇಕಾದ ವಿಲ್ಮಾಳಿಗೆ ಕೊಕ್ಕೆಗಳ ಪಟ್ಟಿಯನ್ನು ಬಿಚ್ಚಿ ತೋರಿಸುವ ದೃಶ್ಯವಿದೆ. ಪಟ್ಟಿಯನ್ನು ಬಿಚ್ಚಿಟ್ಟ ಮೇಲೆ ಬಾಗಿಲು ಮುಚ್ಚಿಕೊಂಡರೆ ತೆರೆಯಲಾರದಷ್ಟು ತಾನು ಅಸಹಾಯಕನೆಂದು ಅವನು ವಿವರಿಸುತ್ತಾನೆ. ಅವಳು ಅಳುವುದಿಲ್ಲ, ಅಂಗಿಯ ಗುಂಡಿ ಹಾಕಿ ಹೊದಿಕೆ ಹೊದಿಸುತ್ತಾಳೆ. ವೀರಗಲ್ಲಿನ ಅಪ್ಸರೆಯೂ ಮಾಸ್ತಿಕಲ್ಲಿನ ಸತಿಯೂ ಮಾಡದ ಕೆಲಸವಿದು. ಮರಳಿದವನ ಕಥನದಲ್ಲಿ ಹೆಣ್ಣಿನ ಸ್ಥಾನ ಸಾವಿನ ಸಂಗಾತಿಯಿಂದ ದಿನನಿತ್ಯದ ಸಂಗಾತಿಗೆ ಸ್ಥಳಾಂತರಗೊಳ್ಳುತ್ತದೆ.

ಕನ್ನಡದ ಶಾಸನಾಧ್ಯಯನಕ್ಕೆ ವಿಶೇಷವಾಗಿ ಪ್ರಸ್ತುತವಾದ ಇನ್ನೊಂದು ಭಾಗವಿದೆ. ಕೆಲಸವನ್ನೂ ಸಂಸಾರವನ್ನೂ ಕಳೆದುಕೊಂಡ ಫ್ರೆಡ್ ಊರು ಬಿಟ್ಟು ಹೊರಟ ಮೇಲೆ, ಅವನ ತಂದೆ ತಮ್ಮ ಬಡ ಮನೆಯಲ್ಲಿ ಕುಳಿತು ಮಗನಿಗೆ ದೊರೆತ ಶೌರ್ಯಪದಕದ ಪ್ರಶಸ್ತಿಪತ್ರವನ್ನು ಗಟ್ಟಿಯಾಗಿ ಓದುತ್ತಾನೆ. ಅದು ಅಕ್ಷರಶಃ ಒಂದು ಪ್ರಶಸ್ತಿಶಾಸನ: ಗಾಯಗೊಂಡರೂ ಗುರಿ ಬಿಡದ ವೀರನ ವರ್ಣನೆ. ಅದೇ ವೇಳೆಗೆ ಫ್ರೆಡ್ ವಿಮಾನ ನಿಲ್ದಾಣದ ಬಳಿ ಗುಜರಿಗೆ ಹಾಕಿದ ಬಾಂಬರ್ ವಿಮಾನಗಳ ಸಾಲುಗಳ ನಡುವೆ ಅಲೆಯುತ್ತ, ಎಂಜಿನ್ ಕಿತ್ತ ಒಂದು ವಿಮಾನದೊಳಗೆ ತನ್ನ ಹಳೆಯ ಜಾಗದಲ್ಲಿ ಕುಳಿತು ಬೆವರುತ್ತಾನೆ. ಪ್ರಶಸ್ತಿಯ ಭಾಷೆ ಹೇಳುವ ವೀರನೂ ವಿಮಾನದೊಳಗೆ ನಡುಗುವ ಮನುಷ್ಯನೂ ಒಬ್ಬನೇ ಆಗಿದ್ದು, ಎರಡೂ ಸತ್ಯವೆಂಬುದನ್ನು ಚಿತ್ರವು ಅಕ್ಕಪಕ್ಕದಲ್ಲಿಟ್ಟು ತೋರಿಸುತ್ತದೆ. ಆ ವಿಮಾನಗಳನ್ನು ಒಡೆದು ಮನೆ ಕಟ್ಟುವ ಸಾಮಗ್ರಿಯನ್ನಾಗಿ ಮಾಡುವ ಕೆಲಸವೇ ಅವನಿಗೆ ಅಲ್ಲಿ ದೊರೆಯುತ್ತದೆ. ಕತ್ತಿ ತೊಳೆಯುವ ಬಾಳ್ಗಳ್ಚಿನ ಆಶಯಕ್ಕೆ ಇದು ಬಹು ಹತ್ತಿರದ ರೂಪಕ.

ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಈ ಚಿತ್ರದಲ್ಲಿ ಬಳಸಿದ ಆಳದೃಶ್ಯದ ತಂತ್ರವನ್ನು ಫ್ರೆಂಚ್ ವಿಮರ್ಶಕ ಆಂದ್ರೆ ಬಜಾನ್ ವಿಸ್ತಾರವಾಗಿ ವಿವೇಚಿಸಿದ್ದಾನೆ. ಮುಂಭಾಗದಲ್ಲಿ ಹೋಮರನು ಕೊಕ್ಕೆಗಳಿಂದ ಪಿಯಾನೊ ನುಡಿಸುತ್ತಿರುವಾಗ, ಅದೇ ಚೌಕಟ್ಟಿನ ಹಿಂಬದಿಯ ಮೂಲೆಯಲ್ಲಿ ಫ್ರೆಡ್ ದೂರವಾಣಿಯಲ್ಲಿ ತನ್ನ ಪ್ರೇಮವನ್ನು ಕೊನೆಗೊಳಿಸುತ್ತಿರುತ್ತಾನೆ. ನಡುವೆ ನಿಂತ ಅಲ್ ಎರಡನ್ನೂ ನೋಡುತ್ತಾನೆ. ವೀರಗಲ್ಲು ಮೂರು ಘಟನೆಗಳನ್ನು ಮೂರು ಪಟ್ಟಿಕೆಗಳಲ್ಲಿ ಬೇರ್ಪಡಿಸುತ್ತದೆ. ಈ ದೃಶ್ಯವು ಬೇರೆ ಬೇರೆ ಬಾಳುಗಳನ್ನು ಒಂದೇ ನೆಲದ ಮೇಲೆ, ಒಂದೇ ಹೊತ್ತಿನಲ್ಲಿ ನಿಲ್ಲಿಸುತ್ತದೆ. ಮರಳಿದವನ ಕಥೆಗೆ ಆರಂಭ ಅಂತ್ಯಗಳ ಏರುಗತಿಯಿಲ್ಲ. ಅದು ಇತರರ ನಡುವೆ ನಡೆಯುವ ಬಾಳು. ಆದ್ದರಿಂದ ಇಲ್ಲಿ ತಂತ್ರವು ವಸ್ತುವಿನಿಂದಲೇ ಹುಟ್ಟಿದೆ.

ಚಿತ್ರಕ್ಕೆ ಮಿತಿಗಳಿಲ್ಲವೆಂದಲ್ಲ. ಇದರ ಮೂವರು ನಾಯಕರೂ ಬಿಳಿಯರು. ಅಮೆರಿಕದ ಕರಿಯ ಸೈನಿಕರು ಮರಳಿದಾಗ ಎದುರಿಸಿದ ಅನುಭವ ಇಲ್ಲಿಲ್ಲ. ಮದುವೆಯೊಂದಿಗೆ ಮುಗಿಯುವ ಕೊನೆಯ ದೃಶ್ಯವು ಹಾಲಿವುಡ್‌ನ ಸಂಪ್ರದಾಯಕ್ಕೆ ಶರಣಾಗುತ್ತದೆ. ಆದರೂ ಯುದ್ಧ ಗೆದ್ದ ದೇಶವೊಂದು ಗೆಲುವಿನ ಮರುವರ್ಷವೇ ತನ್ನ ಗೆದ್ದವರ ಸೋಲುಗಳನ್ನು ನೋಡಲು ಸಿದ್ಧವಾಯಿತೆಂಬುದು ಸಣ್ಣ ಸಂಗತಿಯಲ್ಲ.

೭. ಕನ್ನಡದ ತೆರೆ ಮತ್ತು ಕನ್ನಡದ ಬಾಳು

ಎರಡನೆಯ ಮಹಾಯುದ್ಧದಲ್ಲಿ ಭಾರತದ ಸೇನೆಯ ಬಲ ಸುಮಾರು 25 ಲಕ್ಷವನ್ನು ಮುಟ್ಟಿತ್ತು. ಯುದ್ಧಾನಂತರ ಅವರಲ್ಲಿ ಬಹುಪಾಲು ಜನ ಸೇನೆಯಿಂದ ಬಿಡುಗಡೆ ಹೊಂದಿ ಊರು ಸೇರಿದರು. ಭಾರತೀಯ ಕಥನಸಾಹಿತ್ಯದಲ್ಲಿ ಮುಲ್ಕ್ ರಾಜ್ ಆನಂದರು ತಮ್ಮ ಲಾಲು ತ್ರಿವಳಿಯ ಕೊನೆಯ ಕಾದಂಬರಿಯಲ್ಲಿ (1942) ಮೊದಲನೆಯ ಮಹಾಯುದ್ಧದಿಂದ ಮರಳಿದ ರೈತಯೋಧನನ್ನು ಚಿತ್ರಿಸಿದ್ದರು. ಕನ್ನಡ ಚಲನಚಿತ್ರದಲ್ಲಿ ಈ ವಸ್ತುವಿಗೆ ಅತಿ ಸಮೀಪ ಬರುವ ಕೃತಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ' (1990). ವಿಷ್ಣುವರ್ಧನ್ ಮತ್ತು ಸುಹಾಸಿನಿ ಅಭಿನಯದ, ಹಂಸಲೇಖ ಸಂಗೀತದ ಈ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಕೊಡಗಿನ ಸೈನಿಕ ಅಚ್ಚಪ್ಪ ಮತ್ತು ಅವನನ್ನು ಸೇನಾ ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡಿದ ದಾದಿ ಅನ್ನಪೂರ್ಣ ಇವರ ದಾಂಪತ್ಯವು ಎರಡನೆಯ ಮಹಾಯುದ್ಧದಿಂದ ಸ್ವತಂತ್ರ ಭಾರತದ ಯುದ್ಧಗಳವರೆಗೆ ಹರಡಿಕೊಳ್ಳುತ್ತದೆ. ದೇಶದ ಕರೆ ಮತ್ತು ಮನೆಯ ಕರೆಗಳ ನಡುವಣ ಎಳೆತವನ್ನು ಇಷ್ಟು ದೀರ್ಘ ಕಾಲಾವಧಿಯಲ್ಲಿ ಕನ್ನಡದಲ್ಲಿ ಬೇರೆ ಚಿತ್ರ ಹಿಡಿದುದು ವಿರಳ. ಆದರೆ ಇಲ್ಲಿ ಮನೆಯೆಂಬುದು ಎರಡು ಯುದ್ಧಗಳ ನಡುವಿನ ವಿರಾಮ. ಮರಳುವುದು ಮತ್ತೆ ಹೊರಡುವುದಕ್ಕಾಗಿ. ಕಥೆಯ ಭಾರವನ್ನು ಹೊರುವುದು ವಿಯೋಗ ಮತ್ತು ಸಾವು. ಈ ಅರ್ಥದಲ್ಲಿ ಆಧುನಿಕ ಮಾಧ್ಯಮದ ಈ ಕೃತಿಯೂ ವೀರಗಲ್ಲಿನ ವಿನ್ಯಾಸಕ್ಕೆ ಹತ್ತಿರವಾಗಿಯೇ ಉಳಿಯುತ್ತದೆ.

ನೈಜ ಬದುಕಿನ ಎರಡು ಉದಾಹರಣೆಗಳು ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತವೆ. 1965ರ ಯುದ್ಧದಲ್ಲಿ ಕೆ.ಎಂ. ಕಾರ್ಯಪ್ಪನವರ ಮಗ, ವಾಯುಸೇನೆಯ ಕೆ.ಸಿ. ನಂದಾ ಕಾರ್ಯಪ್ಪ, ಪಾಕಿಸ್ತಾನದಲ್ಲಿ ಸೆರೆಯಾದರು. ಮಗನಿಗೆ ವಿಶೇಷ ರಿಯಾಯಿತಿಯನ್ನು ತಂದೆ ಒಪ್ಪದೆ, ಸೆರೆಯಾದ ಎಲ್ಲ ಸೈನಿಕರೂ ತಮ್ಮ ಮಕ್ಕಳೇ ಎಂಬ ನಿಲುವು ತಳೆದುದು ಮನೆಮಾತಾಗಿದೆ. ಮಗ 1966ರಲ್ಲಿ ಮರಳಿದ್ದು, ಮುಂದೆ ಸೇವೆಯಲ್ಲಿ ಮುಂದುವರಿದುದು ಈ ಪ್ರಸಂಗದ ಜನಪ್ರಿಯ ನಿರೂಪಣೆಗಳಲ್ಲಿ ಕೊನೆಯ ವಾಕ್ಯವಾಗಿ ಮಾತ್ರ ಬರುತ್ತದೆ. ಇಲ್ಲಿ ನೆನಪಾಗಿ ನಿಂತದ್ದು ಮಗನ ಮರಳುವಿಕೆಯಲ್ಲ, ಮಗನನ್ನು ತ್ಯಜಿಸಲು ಸಿದ್ಧನಾದ ತಂದೆಯ ನಿಲುವು.

ಎರಡನೆಯದು ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರದು. 1971ರ ಯುದ್ಧದಲ್ಲಿ ಭಾಗವಹಿಸಿದ ಹಾಸನ ಜಿಲ್ಲೆಯ ಗೊರೂರಿನ ಈ ಅಧಿಕಾರಿ ಸೇನೆಯನ್ನು ಬಿಟ್ಟು ಮರಳಿದಾಗ ಕುಟುಂಬದ ಜಮೀನು ಹೇಮಾವತಿ ಜಲಾಶಯದಲ್ಲಿ ಮುಳುಗಡೆಯಾಗಿತ್ತು. ಅದಕ್ಕೆ ಬದಲಾಗಿ ಜಾವಗಲ್ ಬಳಿ ದೊರೆತ ಬರಡು ನೆಲದಲ್ಲಿ ಗುಡಾರ ಹಾಕಿಕೊಂಡು ಅವರು ಕೃಷಿ ಆರಂಭಿಸಿದುದನ್ನು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಅವರ ಬದುಕಿನಿಂದ ಪ್ರೇರಿತವಾದ ಚಲನಚಿತ್ರ 2020ರಲ್ಲಿ ತಮಿಳಿನಲ್ಲಿ ಬಂತು. ಅದರಲ್ಲಿ ಊರು ಮಧುರೆಯ ಕಡೆಯದಾಯಿತು, ನಾಯಕನು ವಾಯುಸೇನೆಯವನಾದನು, ಕಥೆಯ ಕೇಂದ್ರವು ಅಗ್ಗದ ವಿಮಾನಯಾನದ ಉದ್ಯಮವಾಯಿತು. ಮರಳಿದ ಯೋಧನೊಬ್ಬ ಮುಳುಗಿದ ನೆಲಕ್ಕೆ ಪ್ರತಿಯಾಗಿ ಬಂದ ನೆಲವನ್ನು ಹಸನು ಮಾಡಿದ ವರ್ಷಗಳು ತೆರೆಗೆ ಬರಲಿಲ್ಲ. ವಿಜ ಅರಸನ ಬಾಳ್ಗಳ್ಚಿನ ಕಲ್ಲು ದೊರೆತ ಜಿಲ್ಲೆಯಲ್ಲಿಯೇ ನಡೆದ ಈ ಕಥೆಗೆ ಕನ್ನಡದ ತೆರೆ ಇನ್ನೂ ಕಾದಿದೆ.

೮. ಭಾಷೆಯ ಸಾಕ್ಷ್ಯ ಮತ್ತು ಅಧ್ಯಯನದ ದಾರಿಗಳು

ಇಂದಿನ ಕನ್ನಡದಲ್ಲಿ ಮರಳಿದ ಯೋಧನಿಗೆ ಇರುವ ಅಧಿಕೃತ ಹೆಸರು 'ಮಾಜಿ ಸೈನಿಕ'. 'ಮಾಜಿ' ಎಂಬುದು ಕಳೆದುಹೋದುದನ್ನು ಹೇಳುತ್ತದೆಯೇ ಹೊರತು ಆಗಿರುವುದನ್ನು ಹೇಳುವುದಿಲ್ಲ. ನೇಮಕಾತಿಯ ಅರ್ಜಿಯಲ್ಲಿ, ಭೂಮಂಜೂರಾತಿಯ ನಿಯಮಗಳಲ್ಲಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಡತಗಳಲ್ಲಿ ಈ ಪದ ಒಂದು ವರ್ಗೀಕರಣವಾಗಿ ಜೀವಂತವಾಗಿದೆ. ಮಂಜೂರಾತಿಯ ನೆಲವು ಬಾಳ್ಗಳ್ಚಿನ ದೂರದ ಉತ್ತರಾಧಿಕಾರಿಯೇ ಆದರೂ ಕತ್ತಿ ತೊಳೆಯುವ ಆಚರಣೆ, ಅದಕ್ಕೆ ಸಾಕ್ಷಿಯಾಗಿ ನಿಲ್ಲುವ ಸಮುದಾಯ ಎರಡೂ ಇಲ್ಲಿಲ್ಲ. ನೆಲ ದೊರೆತರೂ ದೊರೆಯದಿದ್ದರೂ ಅದು ಕಚೇರಿಯ ಸಂಗತಿಯಾಗಿ ಉಳಿಯುತ್ತದೆ.

ಈ ಹಿನ್ನೆಲೆಯಲ್ಲಿ ಕನ್ನಡ ಅಧ್ಯಯನ ವಿಭಾಗಗಳು ಕೈಗೊಳ್ಳಬಹುದಾದ ಕೆಲಸಗಳು ಸ್ಪಷ್ಟವಾಗಿವೆ. ಮೊದಲನೆಯದಾಗಿ, ಬಾಳ್ಗಳ್ಚನ್ನು ಉಲ್ಲೇಖಿಸುವ ಶಾಸನಗಳನ್ನು ನೆತ್ತರುಕೊಡಗೆಯ ಶಾಸನಗಳಿಂದ ಬೇರ್ಪಡಿಸಿ, ಮರಳಿದವರ ದಾಖಲೆಗಳೆಂದು ಒಟ್ಟಾಗಿ ಓದಬೇಕು. ಎರಡನೆಯದಾಗಿ, ತಿಮ್ಮಣ್ಣಕವಿಯ ಯುದ್ಧಾನಂತರ ಪರ್ವಗಳನ್ನು ಕುಮಾರವ್ಯಾಸನ ಅನುಬಂಧವೆಂದು ನೋಡುವ ಬದಲು ಅವುಗಳ ವಸ್ತುವಿನ ದೃಷ್ಟಿಯಿಂದ ಪರಿಶೀಲಿಸಬೇಕು. ಮೂರನೆಯದು ಮತ್ತು ಅತ್ಯಂತ ತುರ್ತಿನದು ಮೌಖಿಕ ಕಥನಗಳ ಸಂಗ್ರಹ. 1965 ಮತ್ತು 1971ರ ಯುದ್ಧಗಳಿಂದ ಮರಳಿದವರು ಈಗ ಇಳಿವಯಸ್ಸಿನಲ್ಲಿದ್ದಾರೆ. ಕೌಲ್ ಬಜಾರಿನಂಥ ಹಳೆಯ ದಂಡಿನ ಪೇಟೆಗಳಲ್ಲಿ, ಸಿರುಗುಪ್ಪ, ಕುರುಗೋಡಿನ ಹಳ್ಳಿಗಳಲ್ಲಿ ಈ ಕಥನಗಳು ಒಂದೇ ಭಾಷೆಯಲ್ಲಿ ಇರುವುದಿಲ್ಲ. ಸೇನೆಯಲ್ಲಿ ಕಲಿತ ಹಿಂದುಸ್ತಾನಿ, ಮನೆಯ ಕನ್ನಡ ಅಥವಾ ತೆಲುಗು, ಬೀದಿಯ ಉರ್ದು ಬೆರೆತ ಆ ಮಾತನ್ನು ಶಿಷ್ಟಗೊಳಿಸದೆ ದಾಖಲಿಸುವುದು ಅಗತ್ಯ. ಯೋಧನ ಮಾತಿನಷ್ಟೇ ಅವನನ್ನು ಕಾದ, ಬಂದ ಮೇಲೆ ಸಂಭಾಳಿಸಿದ ಹೆಂಗಸರ ಮಾತೂ ದಾಖಲಾಗಬೇಕು. ಪದಕಗಳ ಕಥೆಯನ್ನು ಪ್ರಶಸ್ತಿಪತ್ರವು ಹೇಳುತ್ತದೆ. ರಾತ್ರಿ ನಿದ್ದೆಯಲ್ಲಿ ಎದ್ದು ಕೂರುವವನ ಕಥೆ ಪಕ್ಕದಲ್ಲಿ ಮಲಗಿದವಳಿಗೆ ಮಾತ್ರ ಗೊತ್ತಿರುತ್ತದೆ.

೯. ಸಮಾರೋಪ

ಮೇಲಿನ ವಿವೇಚನೆಯಿಂದ ಒಂದೆರಡು ಅಂಶಗಳು ಸ್ಪಷ್ಟವಾಗುತ್ತವೆ. ಕನ್ನಡದ ಆದಿಶಾಸನವೆಂದು ಪ್ರಸಿದ್ಧವಾದ ಶಾಸನವು ಮರಳಿದ ಯೋಧನನ್ನು ಗುರುತಿಸಿತು. ಅನಂತರದ ಸ್ಮರಣಪರಂಪರೆಯು ಮಡಿದವನನ್ನು ಆರಿಸಿಕೊಂಡಿತು. ವಸಾಹತುಶಾಹಿಯ ಫಲಕವು ಅವನನ್ನು ಲೆಕ್ಕದ ಶೇಷವನ್ನಾಗಿಸಿತು. ಆಧುನಿಕ ಆಡಳಿತವು ಅವನಿಗೆ ಒಂದು ವರ್ಗವನ್ನು ಕೊಟ್ಟಿತಾದರೂ ಒಂದು ಕಥೆಯನ್ನು ಕೊಡಲಿಲ್ಲ. ವೀರನ ಸಾವನ್ನು ಗೌರವಿಸುವ ಸಮಾಜಕ್ಕೆ ಅದರಿಂದ ಮುಂದೆ ಯಾವ ಹೊಣೆಯೂ ಉಳಿಯುವುದಿಲ್ಲ. ಕಲ್ಲು ನಿಲ್ಲಿಸಿದರೆ ಋಣ ತೀರಿತು. ಮರಳಿದವನ ಋಣ ಹಾಗೆ ಒಂದು ದಿನದಲ್ಲಿ ತೀರುವಂಥದಲ್ಲ. ಅವನಿಗೆ ಕೆಲಸ ಬೇಕು, ನೆಲ ಬೇಕು, ತಾಳ್ಮೆಯಿಂದ ಕೇಳುವ ಕಿವಿ ಬೇಕು. 1946ರ ಅಮೆರಿಕದ ಚಿತ್ರವು ಮೂರು ಗಂಟೆಗೆ ತುಸು ಕಡಿಮೆ ಅವಧಿಯಲ್ಲಿ ಕೇಳಿಸಿದ್ದು ಈ ಹೊಣೆಯ ಮಾತನ್ನೇ. ಹದಿನೈದು ಶತಮಾನಗಳ ಹಿಂದೆ ಕತ್ತಿ ತೊಳೆದು ಯೋಧನನ್ನು ಊರೊಳಕ್ಕೆ ಕರೆದುಕೊಂಡ ಭಾಷೆಗೆ ಆ ಮಾತು ಹೊರಗಿನದಲ್ಲ.